ಫಕೀರವ್ವ ತೆಗೆದ ಪೊರೆ

ಗುಡಗೇರಿಯ ಟೇಲರ್ ಶಿದ್ಲಿಂಗಪ್ಪನಿಗೂ ಸೂಜಿಗೂ ಜಗಳ ಶುರುವಾದದ್ದು ಅವನ ನಲವತ್ತೈದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷ ಇಬ್ಬರೂ ಅನ್ಯೋನ್ಯವಾಗಿದ್ದರು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಇವನು ಮುಂದೆ ಹಿಡಿದರೆ ಸೂಜಿ ತಾನೇ ನುಂಗಿಕೊಳ್ಳುತ್ತಿತ್ತು. ಈಗ ಸೂಜಿಯ ಕಣ್ಣು ನಿನ್ನೆ ಇದ್ದ ಜಾಗದಲ್ಲಿ ಇರುತ್ತಿರಲಿಲ್ಲ. ಶಿದ್ಲಿಂಗಪ್ಪ ಮೊದಲು ಸೂಜಿಯನ್ನು ಬೈದ. ಆಮೇಲೆ ದಾರವನ್ನು ಬೈದ. ಆಮೇಲೆ ಕಿಟಕಿಗೆ ಅಡ್ಡ ಬೆಳೆದಿದ್ದ ಬೇವಿನ ಟೊಂಗೆ ಕಡಿಸಿದ. ಬೆಳಕು ಬಂತು, ಸೂಜಿಯ ಕಣ್ಣು ಬರಲಿಲ್ಲ. ಕೊನೆಗೆ ದೋಷ ತನ್ನ ಕೈಯಲ್ಲಿದೆ ಎಂದು ಒಪ್ಪಿಕೊಂಡ. ಕೈ ಇನ್ನೊಂದು ಗೇಣು ಉದ್ದವಿದ್ದಿದ್ದರೆ ಎಲ್ಲ ಸ್ಪಷ್ಟ ಕಾಣುತ್ತಿತ್ತು.

ದೋಷ ಕಣ್ಣಿನಲ್ಲಿದೆ ಎಂದು ಮಾತ್ರ ಒಪ್ಪುವಂತಿರಲಿಲ್ಲ. ಅದಕ್ಕೆ ಕಾರಣ ಹನಮಂತಪ್ಪ.

ಹನಮಂತಪ್ಪ ಊರಿನ ಸರಕಾರಿ ದವಾಖಾನೆಯ ಕಾಂಪೌಂಡರ, ಶಿದ್ಲಿಂಗಪ್ಪನ ಜೊತೆ ಸಾಲಿ ಕಲಿತವನು. ನಲವತ್ತು ದಾಟಿದವರು ಹತ್ತಿರದ್ದನ್ನು ನೋಡಲು ಹಾಕಿಕೊಳ್ಳುವ ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಎನ್ನುತ್ತಾರೆ. ಮೂರು ವರ್ಷದ ಹಿಂದೆ ಹನಮಂತಪ್ಪ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಬಂದ ದಿನ ಶಿದ್ಲಿಂಗಪ್ಪ ಅಂಗಡಿಯಿಂದ ಇಳಿದುಬಂದು, ಅವನ ಕೈ ಹಿಡಿದು ಗಟಾರ ದಾಟಿಸಿದ್ದ.

“ಹಗೂರಕ ಬಾ ಹನಮಂತಜ್ಜ. ಕಲ್ಲದಾವು, ಎಡವೀ.”

ನೆರೆದವರೆಲ್ಲ ನಕ್ಕರು. ನಕ್ಕವರ ಹುರುಪಿನಲ್ಲಿ ಶಿದ್ಲಿಂಗಪ್ಪ ಇನ್ನೂ ಒಂದು ಮಾತು ಆಡಿಬಿಟ್ಟ. “ನಾ ಏನರ ಚಾಳೀಸ ಹಾಕ್ಕೊಂಡೆ ಅಂದ್ರ ಅವತ್ತ ಕತ್ತರಿ ಕೆಳಗಿಡ್ತೀನಿ. ಬರದಿಟ್ಕೊಳ್ಳಪಾ.”

ಹನಮಂತಪ್ಪ ಬರೆದಿಟ್ಟುಕೊಳ್ಳಲಿಲ್ಲ. ಆದರೆ ಅಂದಿನಿಂದ ದಿನಕ್ಕೊಂದು ಸಲ ಅಂಗಡಿಯ ಮುಂದೆ ನಿಂತು, ಚಾಳೀಸನ್ನು ಹಣೆಗೇರಿಸಿ, ಶಿದ್ಲಿಂಗಪ್ಪನ ಕೈಗಳನ್ನು ಸುಮ್ಮನೆ ನೋಡಿ ಹೋಗುತ್ತಿದ್ದ.

ಅಂಗಡಿ ನಡೆಯುತ್ತಿದ್ದದ್ದು ಹೆಂಡತಿ ರೇಣುಕವ್ವನಿಂದ. ಬೆಳಿಗ್ಗೆ ಕಸ ಹೊಡೆದವಳೇ ಅವಳು ಹತ್ತು ಸೂಜಿಗೆ ದಾರ ಪೋಣಿಸಿ, ಗೋಡೆಗೆ ತೂಗುಹಾಕಿದ ಸೂಜಿಯ ಪುಟ್ಟ ಗಾದಿಗೆ ಸಾಲಾಗಿ ಚುಚ್ಚಿ ಹೋಗುತ್ತಿದ್ದಳು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮುಖ್ಯವಾದ ಮಾತುಗಳು ಆ ಮನೆಯಲ್ಲಿ ನಡೆಯುತ್ತಿದ್ದದ್ದೇ ಹಾಗೆ. ಆದರೆ ಸೂಜಿಗೆ ದಾರವಾಯಿತು, ಹೊಲಿಗೆಗೆ ಕಣ್ಣು ಬೇಕಲ್ಲ. ಗಿರಾಕಿ ಸಾವಂತ್ರೆವ್ವ ಹೊಸ ಕುಬಸ ಹಿಡಿದುಕೊಂಡು ವಾಪಸು ಬಂದಳು. ಕುತ್ತಿಗೆ ಇರಬೇಕಾದಲ್ಲಿ ತೋಳಿತ್ತು.

“ಶಿದ್ಲಿಂಗಪ್ಪಾ, ಇದನ್ನ ತೊಡಬೇಕಂದ್ರ ನಾ ಇನ್ನೊಮ್ಮೆ ಹುಟ್ಟಿ ಬರಬೇಕು. ಅದೂ ಅಡ್ಡಡ್ಡ.”

“ಈಗಿನ ಫ್ಯಾಶನ್ ಐತಬೇ ಅದು.”

“ಹಂಗಾರ ನಿನ್ನ ಹೇಣ್ತಿಗೆ ತೊಡಸು,” ಎಂದು ಕುಬಸವನ್ನು ಮಷೀನಿನ ಮೇಲೆ ಒಗೆದು ಹೋದಳು.

ಮರುದಿನ ಶಿದ್ಲಿಂಗಪ್ಪ ಗುಂಡಿ ತರುವ ನೆವ ಹೇಳಿ ಪ್ಯಾಸೆಂಜರ್ ಗಾಡಿ ಹತ್ತಿ ಹುಬ್ಬಳ್ಳಿಗೆ ಹೋದ. ಕಣ್ಣಿನ ಡಾಕ್ಟರು ಹೆಂಗಸು, ನಿಧಾನಸ್ಥರು. ಪರೀಕ್ಷೆ ಮಾಡಿ ಹೇಳಿದರು: “ಏನೂ ರೋಗ ಇಲ್ಲ. ವಯಸ್ಸಾತು. ಒಂದು ಚಾಳೀಸು ಹಾಕ್ಕೋರಿ, ಮುಗೀತು.”

“ಅದೊಂದು ಬಿಟ್ಟು ಬ್ಯಾರೆ ಏನಿದ್ರೂ ಹೇಳ್ರಿ ಬಾಯಾರ. ಕಣ್ಣಾಗ ಹಾಕಿರಬೇಕು, ಮಂದಿಗೆ ಕಾಣಬಾರದು.”

ಡಾಕ್ಟರು ಅವನ ಧೋತರದ ಕಡೆ ನೋಡಿದರು. ಇಂಥ ಬೇಡಿಕೆ ಕಾಲೇಜು ಹುಡುಗಿಯರಿಂದ ಬರುತ್ತಿತ್ತು, ಧೋತರ ಉಟ್ಟವರಿಂದ ಬಂದದ್ದು ಇದೇ ಮೊದಲು. ಆಮೇಲೆ ಒಂದು ಡಬ್ಬಿ ತೆರೆದು ಮೀನಿನ ಸಣ್ಣ ಹುರುಪೆಯಂಥ, ದುಂಡನೆಯ, ಗಟ್ಟಿಯಾದ, ಪಾರದರ್ಶಕ ವಸ್ತು ತೋರಿಸಿದರು. ಅದರ ಹೆಸರು ಕಾಂಟ್ಯಾಕ್ಟ್ ಲೆನ್ಸ್. ಕಣ್ಣುಗುಡ್ಡೆಯ ಮೇಲೆ ಕೂಡುತ್ತದೆ. ಎಡಗಣ್ಣಿಗೆ ಮಾತ್ರ ಹಾಕಿದರೆ ಸಾಕು. ಎಡಗಣ್ಣು ಹತ್ತಿರದ್ದನ್ನು ನೋಡುತ್ತದೆ, ಬಲಗಣ್ಣು ದೂರದ್ದನ್ನು. ಎರಡನ್ನೂ ಹೊಂದಿಸುವುದು ತಲೆಯ ಕೆಲಸ, ಹತ್ತು ಹದಿನೈದು ದಿನದಲ್ಲಿ ರೂಢಿಯಾಗುತ್ತದೆ.

ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂಥ ಈ ಏರ್ಪಾಟು ಶಿದ್ಲಿಂಗಪ್ಪನಿಗೆ ಬಹಳ ಹಿಡಿಸಿತು. ಹಾಕುವುದು, ತೆಗೆಯುವುದು, ತೊಳೆಯುವುದು ಎಲ್ಲ ಕಲಿತ. ಬರುವಾಗ ಡಾಕ್ಟರು ಎರಡು ಸಲ ಹೇಳಿದರು: “ಧೂಳಾಗ ಹಾಕ್ಕೋಬ್ಯಾಡ್ರಿ. ಕಣ್ಣು ತಿಕ್ಕಬ್ಯಾಡ್ರಿ.”

ಮುಂದಿನ ಒಂದು ತಿಂಗಳು ಶಿದ್ಲಿಂಗಪ್ಪನ ಜೀವನದ ವೈಭವದ ಕಾಲ. ಗಿರಾಕಿ ಬಂದು ನಿಂತರೆ, ಪೋಣಿಸಿಟ್ಟ ಸೂಜಿಯ ದಾರ ಕಿತ್ತು ಒಗೆದು, ಹೊಸ ದಾರವನ್ನು ಒಂದೇ ಏಟಿಗೆ ಪೋಣಿಸಿ ತೋರಿಸುತ್ತಿದ್ದ. ಬಾಜೂ ಅಂಗಡಿಯ ಬಳೆಗಾರ್ತಿ ಹಲೀಮಾಬಿ ಕಡ್ಡಿಪೆಟ್ಟಿಗೆ ತಂದು ಅದರ ಮೇಲಿನ ಸಣ್ಣಕ್ಷರ ಓದಿಸಿದಳು. ಓದಿದ. ಸ್ಟೇಷನ್ನಿನ ಕಡೆ ಕೈ ಮಾಡಿ, “ಅಲ್ಲಿ ಬರಾಕತ್ತಾರ ಯಾರ ಹೇಳು ನೋಡೂಣು,” ಎಂದಳು. ಅದನ್ನೂ ಹೇಳಿದ. “ಯಾ ಅಲ್ಲಾ, ಹದ್ದಿನ ಕಣ್ಣ ಐತಿ ಇವಂಗ,” ಎಂದು ಸಂತೆಗೆ ಬಂದ ಊರೂರಿನ ಹೆಂಗಸರಿಗೆ ಬಳೆ ಏರಿಸುತ್ತ ಹೇಳಿ ಕಳಿಸಿದಳು. ಹನಮಂತಪ್ಪ ಬಂದ, ನೋಡಿದ, ಚಾಳೀಸು ತೆಗೆದು ಒರೆಸಿಕೊಂಡ, ಹಾಕಿಕೊಂಡು ಇನ್ನೊಮ್ಮೆ ನೋಡಿದ. ಏನೂ ಮಾತಾಡದೆ ಹೋದ. ಶಿದ್ಲಿಂಗಪ್ಪನಿಗೆ ಆ ಮೌನದಷ್ಟು ಸವಿಯಾದದ್ದು ಬೇರೆ ಯಾವುದೂ ಇರಲಿಲ್ಲ.

ಆ ಸವಿ ಮುಗಿದದ್ದು ಒಂದು ಸಂತೆಯ ದಿನ. ಶಿದ್ಲಿಂಗಪ್ಪ ಲೆನ್ಸ್ ಹಾಕಿಕೊಂಡು, ನಾಲ್ಕು ಜನ ನೋಡಲಿ ಎಂದು ಸಂತೆಯೊಳಗೆ ಅಡ್ಡಾಡಲು ಹೊರಟ. ಮೆಣಸಿನಕಾಯಿ ಚೀಲ ಸುರಿಯುತ್ತಿದ್ದಲ್ಲಿಗೆ ಬರುವುದಕ್ಕೂ ಗಾಳಿ ಬೀಸುವುದಕ್ಕೂ ಸರಿಹೋಯಿತು. ಧೂಳು ಎಡಗಣ್ಣಿಗೆ ನುಗ್ಗಿ ಲೆನ್ಸಿನ ಕೆಳಗೆ ಸೇರಿತು. ಶಿದ್ಲಿಂಗಪ್ಪ ಕಣ್ಣು ಮುಚ್ಚಿಕೊಂಡು ಚೀಲಗಳ ನಡುವೆ ಗಿರಗಿರ ತಿರುಗಿದ. ತಾನೇ ತೆಗೆಯಬೇಕೆಂದರೆ ಸುತ್ತ ನೂರು ಜನ.

“ಕಣ್ಣಾಗ ಕಸ ಬಿದ್ದೈತಿ. ಫಕೀರವ್ವನ ಕರೀರೋ,” ಎಂದಳು ಹಲೀಮಾಬಿ.

ಫಕೀರವ್ವನ ಬಗ್ಗೆ ಇಲ್ಲಿ ಟೊಪಿಗೆ ತೆಗೆದು ಹೇಳಬೇಕು. ಸುತ್ತ ಏಳೆಂಟು ಹಳ್ಳಿಗಳಲ್ಲಿ ಯಾರ ಕಣ್ಣಿಗೆ ಏನು ಬಿದ್ದರೂ ತೆಗೆಯುವವಳು ಅವಳೇ. ಜೋಳದ ರಾಶಿಯ ಹೊಟ್ಟು, ರೈಲಿನ ಕಿಡಿ, ಹುಳದ ರೆಕ್ಕೆ, ಎಲ್ಲವನ್ನೂ ನಾಲಿಗೆಯ ತುದಿಯಿಂದ ತೆಗೆಯುತ್ತಿದ್ದಳು. ನಲವತ್ತು ವರ್ಷದಲ್ಲಿ ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಅವಳ ಷರತ್ತು ಒಂದೇ: ಅವಳು ಕಸ ತೆಗೆಯುವಾಗ ಯಾರೂ ಮಾತಾಡಬಾರದು. ಮತ್ತು ತೆಗೆದ ಕಸವನ್ನು ಅಂಗೈ ಮೇಲೆ ಇಟ್ಟು ತೋರಿಸದೆ ಅವಳು ಯಾರನ್ನೂ ಬಿಡುತ್ತಿರಲಿಲ್ಲ.

ಫಕೀರವ್ವ ಬಂದಳು. ಬಾಯಿ ಮುಕ್ಕಳಿಸಿ, ಜೋಳದ ಚೀಲದ ಮೇಲೆ ಕುಳಿತು, ಬೇಡ ಬೇಡ ಎನ್ನುತ್ತಿದ್ದ ಶಿದ್ಲಿಂಗಪ್ಪನ ತಲೆಯನ್ನು ಮೊಣಕಾಲ ನಡುವೆ ಹಿಡಿದಳು. ಸಂತೆ ಸುಮ್ಮನಾಯಿತು. ತಕ್ಕಡಿ ಹಿಡಿದವರು ಹಿಡಿದಲ್ಲೇ ನಿಂತರು. ಅವಳು ಬಗ್ಗಿದಳು, ಎದ್ದಳು, ನಾಲಿಗೆಯ ಮೇಲಿನದನ್ನು ಅಂಗೈಗೆ ತೆಗೆದುಕೊಂಡು ನೋಡಿದಳು. ಬಿಸಿಲಿಗೆ ದುಂಡಗೆ, ತೆಳ್ಳಗೆ, ಏನೋ ಹೊಳೆಯಿತು.

“ಪೊರಿ,” ಎಂದ ಗುಂಪಿನಲ್ಲಿ ಒಬ್ಬ.

“ಪೊರಿ ಬಂತು.”

“ಫಕೀರವ್ವ ಕಣ್ಣಿನ ಪೊರಿ ತಗದಳು.”

ಫಕೀರವ್ವ ಮಾತ್ರ ಏನೂ ಅನ್ನಲಿಲ್ಲ. ಅಂಗೈಯನ್ನು ಶಿದ್ಲಿಂಗಪ್ಪನ ಮುಂದೆ ಹಿಡಿದು ಅವನ ಮುಖ ನೋಡಿದಳು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಶಿದ್ಲಿಂಗಪ್ಪ ಬಾಯಿ ತೆರೆದ. ಅಷ್ಟರಲ್ಲಿ ಗುಂಪಿನ ನಡುವೆ ಚಾಳೀಸು ಏರಿಸಿಕೊಂಡು ಬಗ್ಗಿ ನೋಡುತ್ತಿದ್ದ ಹನಮಂತಪ್ಪ ಕಂಡ.

“ಈಗ ಹ್ಯಾಂಗ ಐತೋ ತಮ್ಮಾ?” ಎಂದು ಯಾರೋ ಕೇಳಿದರು.

“ಅಗದಿ ಚೊಲೋ ಐತ್ರಿ,” ಎಂದ ಶಿದ್ಲಿಂಗಪ್ಪ. ಉರಿ ಹೋಗಿತ್ತು, ಆ ಮಟ್ಟಿಗೆ ಸುಳ್ಳಲ್ಲ.

ಫಕೀರವ್ವ ಆ ವಸ್ತುವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ನಡೆದಳು.

ಸಂತೆಗೆ ಬಂದವರು ಸುದ್ದಿಯನ್ನು ಉಪ್ಪು ಬೆಲ್ಲದ ಜೊತೆ ಕಟ್ಟಿಕೊಂಡು ಹೋದರು. ಹದ್ದಿನ ಕಣ್ಣಿನ ಶಿದ್ಲಿಂಗಪ್ಪನಿಗೇ ಪೊರೆ ಇತ್ತೆಂದಮೇಲೆ ಉಳಿದವರ ಗತಿ ಏನು? ಎರಡನೇ ದಿನವೇ ಫಕೀರವ್ವನ ಓಣಿಯಲ್ಲಿ ನೆರೆಯೂರು ಸಂಶಿಯ ಚಕ್ಕಡಿ ನಿಂತಿತು, ಮೂರನೇ ದಿನ ಕುಂದಗೋಳದ ಬಸ್ಸಿನಿಂದ ಹನ್ನೊಂದು ಮಂದಿ ಇಳಿದರು.

“ಯವ್ವಾ, ನಾ ಕಸ ತಗಿಯಾಕಿ. ಪೊರಿ ಗಿರಿ ನನಗ ಗೊತ್ತಿಲ್ಲ,” ಎಂದಳು ಫಕೀರವ್ವ.

“ದೊಡ್ಡವರು ಹಂಗ ಅಂತಾರ,” ಎಂದು ಜನ ಕೈ ಮುಗಿದು ಅಲ್ಲೇ ಕುಳಿತರು. ಬೇಡವೆಂದಷ್ಟೂ ಭಕ್ತಿ ಹೆಚ್ಚಾಯಿತು. ಮನಸ್ಸು ತಡೆಯದೆ ಅವಳು ಒಬ್ಬಿಬ್ಬರ ಕಣ್ಣು ನೋಡಿದಳು, ಏನೂ ಬರಲಿಲ್ಲ. “ಇನ್ನೂ ಬಲಿತಿಲ್ಲ, ಮುಂದಿನ ಅಮಾಸಿಗೆ ಬರತೈತಿ,” ಎಂದು ಸರದಿಯಲ್ಲಿದ್ದವರೇ ಸಮಾಧಾನ ಹೇಳಿದರು.

ಇತ್ತ ಹನಮಂತಪ್ಪನ ಗತಿ ಕೆಟ್ಟಿತು. ಆರು ತಿಂಗಳು ಅಡ್ಡಾಡಿ ಅವನು ಊರಿಗೆ ನೇತ್ರ ಶಿಬಿರ ತಂದಿದ್ದ. ಭಾನುವಾರ ಹುಬ್ಬಳ್ಳಿಯ ಡಾಕ್ಟರುಗಳು ಹೈಸ್ಕೂಲಿಗೆ ಬಂದು ಪೊರೆಯ ಆಪರೇಶನ್ ಮಾಡುವವರಿದ್ದರು. ನಲವತ್ತೆರಡು ಮುದುಕ ಮುದುಕಿಯರನ್ನು ಒಲಿಸಿ ಹೆಸರು ಬರೆದುಕೊಂಡಿದ್ದ. ಆ ವಾರ ಒಬ್ಬೊಬ್ಬರಾಗಿ ಬಂದು ಹೆಸರು ಹೊಡೆಸಿದರು. “ನಾಲಗಿಲೆ ಆಗೂ ಕೆಲಸಕ್ಕ ಚೂರಿ ಯಾಕಪಾ?” ಎಂಬುದು ಎಲ್ಲರ ಪ್ರಶ್ನೆ.

ಶುಕ್ರವಾರ ಶಿದ್ಲಿಂಗಪ್ಪನ ಅಂಗಡಿಗೆ ಹೊಳೆಯಪ್ಪ ಬಂದ. ಕುರಿ ಕಾಯುವ ಮುದುಕ. ಇನ್ನೂರು ಕುರಿಗಳಲ್ಲಿ ಒಂದೊಂದರ ಮುಖ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದವನು, ಈಗ ಕಿವಿ ಮುಟ್ಟಿ ಮುಟ್ಟಿ ಯಾವುದೆಂದು ತಿಳಿಯುತ್ತಿದ್ದ. ಎರಡೂ ಕಣ್ಣು ಹಾಲು ಬಿದ್ದಂತೆ ಬೆಳ್ಳಗಾಗಿದ್ದವು. ಕೋಲಿನಿಂದ ಮೆಟ್ಟಿಲು ಹುಡುಕಿ ಹತ್ತಿ ಕುಳಿತ.

“ಶಿದ್ಲಿಂಗಾ, ಒಂದ ಮಾತು ಕೇಳಾಕ ಬಂದೀನಿ. ನಿನ್ನ ಕಣ್ಣಾಗಿನ ಪೊರಿ ಫಕೀರವ್ವ ತಗದದ್ದು ಖರೇನೋ?”

ಶಿದ್ಲಿಂಗಪ್ಪ ಮಷೀನಿನ ಚಕ್ರ ತಿರುಗಿಸಿದ. ಅದರಲ್ಲಿ ಬಟ್ಟೆ ಇರಲಿಲ್ಲ.

“ಮಂದಿ ಹಂಗ ಅನ್ನಾಕತ್ತಾರ ಕಾಕಾ.”

“ಮಂದಿ ಕಣ್ಣಲ್ಲ, ನಿನ್ನ ಕಣ್ಣು. ನೀ ಹೂಂ ಅಂದ್ರ ಡಾಕ್ಟರ ಕಡೆ ಹೋಗಂಗಿಲ್ಲ. ಊಹೂಂ ಅಂದ್ರ ಹೋಗ್ತೀನಿ. ನಿನ್ನ ಮಾತಿನ ಮ್ಯಾಲ ಬಿಟ್ಟೀನಿ.”

ಶಿದ್ಲಿಂಗಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಕೆಮ್ಮಿದ. ಹೊಳೆಯಪ್ಪ ಕೆಮ್ಮಿನಲ್ಲಿ ತನಗೆ ಬೇಕಾದ ಉತ್ತರ ಕೇಳಿಕೊಂಡು, “ಸಾಕು ಬಿಡು,” ಎಂದು ಎದ್ದುಹೋದ. ಒಳಬಾಗಿಲಲ್ಲಿ ನಿಂತಿದ್ದ ರೇಣುಕವ್ವ ಗಂಡನನ್ನು ನೋಡಿದಳು. ಅವಳಿಗೆ ಎಷ್ಟು ಗೊತ್ತಿತ್ತೋ ಅವನಿಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಗಾದಿಯ ಮೇಲೆ ಹತ್ತು ಸೂಜಿ ಇದ್ದವು, ಒಂದಕ್ಕೂ ದಾರವಿರಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಬೈದದ್ದೇ ಇಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹನಮಂತಪ್ಪ ದವಾಖಾನೆಯ ಸಿಪಾಯಿಯ ಜೊತೆ ಓಡಿಬಂದ. ‘ಉಚಿತ ನೇತ್ರ ಚಿಕಿತ್ಸಾ ಶಿಬಿರ’ ಎಂದು ಬರೆಸಿದ ಉದ್ದನೆಯ ಬ್ಯಾನರಿನ ಅಂಚು ಹೊಲಿಯಲು ಕೊಟ್ಟಿದ್ದ. ಶಿದ್ಲಿಂಗಪ್ಪ ಅದನ್ನು ತೊಡೆಯ ಮೇಲೆ ಹರವಿಕೊಂಡು, ಕಾಣದ ಅಂಚಿನ ಮೇಲೆ ಅಂದಾಜಿನಿಂದ ಮಷೀನು ಓಡಿಸಿ, “ಹಿಡಿ, ಆತು,” ಎಂದ. ಇಬ್ಬರೂ ಎರಡು ತುದಿ ಹಿಡಿದು ಹೊರಟರು. ಶಿದ್ಲಿಂಗಪ್ಪನೂ ಹೊರಟ. ಹೊರಡದೆ ಗತ್ಯಂತರವಿರಲಿಲ್ಲ. ಬ್ಯಾನರಿನ ಅಂಚಿನೊಳಗೆ ತನ್ನ ಧೋತರದ ಚುಂಗನ್ನೂ ಸೇರಿಸಿ ಮೊಳದುದ್ದ ಹೊಲಿದಿದ್ದ.

“ನೀ ಯಾಕ ಬರಾಕತ್ತೀಯೋ?” ಎಂದ ಹನಮಂತಪ್ಪ.

ಧೋತರ ಕಾಣದೆ ಹೊಲಿದೆ ಎನ್ನುವುದೂ, ಚಾಳೀಸು ಕೊಡು ಎನ್ನುವುದೂ ಒಂದೇ. “ಪುಣ್ಯೇದ ಕೆಲಸ. ನಂದೂ ಒಂದು ಕೈ ಇರಲಿ,” ಎಂದು ಶಿದ್ಲಿಂಗಪ್ಪ ಎರಡೂ ಕೈಯಿಂದ ಸೊಂಟದ ಗಂಟು ಹಿಡಿದುಕೊಂಡ.

ಹನಮಂತಪ್ಪನ ಕಣ್ಣು ತುಂಬಿ ಬಂದವು. “ಊರೆಲ್ಲಾ ಕೈ ಬಿಟ್ಟರೂ ನೀ ಬಂದೆಲ್ಲೋ.”

ಹೈಸ್ಕೂಲಿನಲ್ಲಿ ಕಾಟುಗಳು ಸಾಲಾಗಿದ್ದವು, ಅವುಗಳ ಮೇಲೆ ಒಂದು ನರಪಿಳ್ಳೆ ಇರಲಿಲ್ಲ. ಮುಂದಿನ ಕುರ್ಚಿಯಲ್ಲಿ ಕುಳಿತಿದ್ದವರು ಅದೇ ಹುಬ್ಬಳ್ಳಿಯ ಡಾಕ್ಟರಬಾಯಿ. ಶಿದ್ಲಿಂಗಪ್ಪ ತಟ್ಟನೆ ಬ್ಯಾನರನ್ನು ಮೈಗೆ ಸುತ್ತಿಕೊಂಡು ಅದರ ಹಿಂದೆ ಅಡಗಿದ.

“ಹತ್ತು ಗಂಟೆ ತನಕ ನೋಡ್ತೀವ್ರಿ,” ಎಂದರು ಡಾಕ್ಟರು. “ಯಾರೂ ಬರಲಿಲ್ಲಂದ್ರ ಬ್ಯಾರೆ ಊರಿಗೆ ಹೋಗ್ತೀವಿ. ಮತ್ತ ಈ ಕಡೆ ಯಾವಾಗ ಬರ್ತೀವೋ ಹೇಳಾಕ ಆಗೂದಿಲ್ಲ.”

“ನಡೀರಿ, ಫಕೀರವ್ವನ ಓಣಿಗೆ ಹೋಗೂಣು,” ಎಂದ ಹನಮಂತಪ್ಪ. ಬ್ಯಾನರು ತಿರುಗಿತು. ಶಿದ್ಲಿಂಗಪ್ಪನೂ ತಿರುಗಿದ.

ಫಕೀರವ್ವನ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಅವಳ ಮೊಣಕಾಲ ಮೇಲೆ ಹೊಳೆಯಪ್ಪನ ತಲೆ ಇತ್ತು. ಷರತ್ತಿನಂತೆ ಓಣಿ ಪೂರ್ತಿ ಮೌನ. ಚಕ್ಕಡಿಯ ಎತ್ತು ಕೂಡ ಮೆಲುಕು ನಿಲ್ಲಿಸಿದಂತಿತ್ತು. ಫಕೀರವ್ವ ಬಗ್ಗಲಿಲ್ಲ. ಹೊಳೆಯಪ್ಪನ ಹಣೆಯ ಮೇಲೆ ಕೈಯಿಟ್ಟುಕೊಂಡು, ಬ್ಯಾನರಿನ ನಡುವೆ ನಿಂತಿದ್ದ ಶಿದ್ಲಿಂಗಪ್ಪನನ್ನೇ ನೋಡುತ್ತ ಕುಳಿತಳು. ಸಂತೆಯಲ್ಲಿ ಅಂಗೈ ಹಿಡಿದು ನೋಡಿದಳಲ್ಲ, ಅದೇ ನೋಟ.

ಆ ಮೌನವನ್ನು ಶಿದ್ಲಿಂಗಪ್ಪ ಎಷ್ಟು ಹೊತ್ತು ತಡೆದನೋ. “ಅದು ಪೊರಿ ಅಲ್ಲ,” ಎಂದ.

ನೂರು ತಲೆ ತಿರುಗಿದವು.

“ಅದು ಲೆನ್ಸ್. ಕಣ್ಣಾಗ ಇಡೂ ಚಾಳೀಸು. ನನಗ ಸೂಜಿ ಕಾಣೂದಿಲ್ಲ. ಎರಡು ವರ್ಷಾತು.”

ಇಷ್ಟು ದೊಡ್ಡ ಸತ್ಯ ಹೇಳಿದವನಿಗೆ ಸಿಗಬೇಕಾದ ಗೌರವ ಅವನಿಗೆ ಸಿಗಲಿಲ್ಲ. ಯಾರೂ ನಂಬಲಿಲ್ಲ.

“ಹನಮಂತಪ್ಪ ಹೇಳಿಕೊಟ್ಟಾನ,” ಎಂದಳು ಸಾವಂತ್ರೆವ್ವ. “ನೋಡ್ರಿ, ಬ್ಯಾನರ ಬ್ಯಾರೆ ಸುತಗೊಂಡು ಬಂದಾನ.”

“ಕಣ್ಣಾಗ ಚಾಳೀಸಂತ. ಕಿವಿಗೆ ಸಿಗಸೂ ಕಡ್ಡಿ ಎಲ್ಲಿಟ್ಟಿದ್ದೀ?” ಎಂದಳು ಹಲೀಮಾಬಿ.

ಆಗ ಫಕೀರವ್ವ ಸೆರಗಿನ ಗಂಟು ಬಿಚ್ಚಿದಳು. ಅಲ್ಲಿ ಆ ವಸ್ತು ಇತ್ತು, ತೊಳೆದು, ಬಿಳಿ ಅರಳೆಯಲ್ಲಿ ಸುತ್ತಿಟ್ಟದ್ದು. “ತಗೋ. ಹಾಕ್ಕೊಂಡು ತೋರಸು.”

ಶಿದ್ಲಿಂಗಪ್ಪ ಅಂಗಿಯ ಕಿಸೆಯಲ್ಲೇ ಉಳಿದಿದ್ದ, ಡಾಕ್ಟರು ಕೊಟ್ಟ ಔಷಧದ ಬಾಟಲಿ ತೆಗೆದು, ಲೆನ್ಸನ್ನು ಮೂರು ಸಲ ತೊಳೆದು, ಜನ ನೋಡುತ್ತಿದ್ದಂತೆ ಕಣ್ಣಿನ ಮೇಲೆ ಇಟ್ಟ. “ನುಂಗಿತು,” ಎಂದಿತು ಗುಂಪು. ತೆಗೆದ. ಮತ್ತೆ ಇಟ್ಟ. ಹಿಂದಿನ ಸಾಲಿನವರಿಗೆ ಕಾಣಲಿಲ್ಲವೆಂದು ಇನ್ನೊಮ್ಮೆ. ಆಮೇಲೆ ಹಲೀಮಾಬಿಯ ಹತ್ತಿರ ಪಿನ್ನು ಇಸಕೊಂಡು, ಬ್ಯಾನರು ಎತ್ತಿ ಹಿಡಿದು, ಒಂದೊಂದೇ ಹೊಲಿಗೆ ಬಿಚ್ಚಿ ತನ್ನ ಧೋತರವನ್ನು ಬಿಡಿಸಿಕೊಂಡ. ಹನಮಂತಪ್ಪನಿಗೆ ಆಗ ಆ ದಿನದ ಗೆಳೆತನವೆಲ್ಲ ಅರ್ಥವಾಯಿತು.

ಎಲ್ಲ ನೋಡಿದವರ ನಡುವೆ ನೋಡಲಾಗದೆ ಉಳಿದವನು ಹೊಳೆಯಪ್ಪ. ಎದ್ದು ಕುಳಿತು ಅಂಗೈ ಚಾಚಿದ. ಶಿದ್ಲಿಂಗಪ್ಪ ಲೆನ್ಸ್ ತೆಗೆದು ಅಲ್ಲಿಟ್ಟ. ಮುದುಕ ಅದನ್ನು ಕುರಿಮರಿಯ ಕಿವಿ ಮುಟ್ಟುವಂತೆ ಒಂದು ಬೆರಳಿನಿಂದ ಮುಟ್ಟಿದ.

“ಇದನೇನೋ?”

“ಇದ ಕಾಕಾ.”

“ನಾ ಕೇಳಾಕ ಬಂದಾಗ ಕೆಮ್ಮಿದ್ದೆಲ್ಲಾ.”

ಶಿದ್ಲಿಂಗಪ್ಪನಿಗೆ ಈ ಸಲ ಕೆಮ್ಮೂ ಬರಲಿಲ್ಲ. ಫಕೀರವ್ವನ ಕಡೆ ತಿರುಗಿದ. “ನಿನಗ ಗೊತ್ತಿತ್ತೇನಬೇ?”

“ನಲವತ್ತು ವರ್ಷ ಮಂದಿ ಕಣ್ಣಾಗಿನ ಮಾಲು ನಾಲಗಿ ಮ್ಯಾಲ ಬಂದೈತಿ. ಇದು ಔಷಧದ ರುಚಿ ಇತ್ತು.”

“ಮತ್ತ ಯಾಕ ಹೇಳಲಿಲ್ಲ?”

“ನನ್ನ ಮಾತು ಯಾರು ಕೇಳಿದ್ರು? ಅಲ್ಲದ ನಿನ್ನ ಕಣ್ಣಾಗಿಂದು ಅದು. ನೀ ಹೇಳಬೇಕು. ನಾ ಕಸ ತಗಿಯಾಕಿ.”

ಹೀಗೆಂದು ಎದ್ದು, ಹೊಳೆಯಪ್ಪನ ಕೈ ಹಿಡಿದು ಕಟ್ಟೆ ಇಳಿಸಿ, ಹೈಸ್ಕೂಲಿನ ದಾರಿ ಹಿಡಿದಳು. ಸರದಿ ಹಾಗೆಯೇ ಅವಳ ಹಿಂದೆ ನಡೆಯಿತು. ಹತ್ತಕ್ಕೆ ಐದು ನಿಮಿಷ ಇರುವಾಗ ಶಿಬಿರದ ಬಾಗಿಲಿಗೆ ಐವತ್ತೊಂದು ಮಂದಿ ಬಂದು ನಿಂತರು. ಶಿದ್ಲಿಂಗಪ್ಪನನ್ನು ಗುರುತು ಹಿಡಿದ ಡಾಕ್ಟರು, ಕಥೆ ಕೇಳಿ ಅವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಫಕೀರವ್ವನಿಗೆ ಇನ್ನು ಮುಂದೆ ನಾಲಿಗೆ ಬೇಡ, ಕಾಸಿ ಆರಿಸಿದ ನೀರು ಹಾಕು ಎಂದರು. ಅವಳು ತಲೆಯಾಡಿಸಿದಳು. ಆದರೆ ಅವಳನ್ನು ಮನೆಗೆ ಕಳಿಸಲಿಲ್ಲ. ಹೆದರಿ ನಡುಗುತ್ತಿದ್ದ ಒಬ್ಬೊಬ್ಬರ ತಲೆಯ ಮೇಲೂ ಅವಳು ಕೈಯಿಟ್ಟರೆ ಸಾಕು, ಅವರು ಕದಲದೆ ಮಲಗುತ್ತಿದ್ದರು. ಡಾಕ್ಟರುಗಳು ಮಾತಾಡಿಕೊಂಡಾಗ ಅವಳು ಬಾಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದಳು. ಅವರೂ ಸುಮ್ಮನಾದರು.

ಸೋಮವಾರ ಶಿದ್ಲಿಂಗಪ್ಪ ಕತ್ತರಿ ತೆಗೆದುಕೊಂಡು ದವಾಖಾನೆಗೆ ಹೋಗಿ ಹನಮಂತಪ್ಪನ ಮುಂದಿಟ್ಟ. “ಒಳಗ ಇಟ್ಟರೂ ಚಾಳೀಸು ಚಾಳೀಸ. ಮಾತಂದ್ರ ಮಾತು.”

“ತಗೊಂಡು ಹೋಗಲೇ,” ಎಂದ ಹನಮಂತಪ್ಪ. “ನನ್ನ ಪ್ಯಾಂಟಿನ ಅರಿವಿ ನಿನ್ನ ಕಡೆ ಐತಿ. ಹೊಲಿ. ನಿನ್ನ ಧೋತರ ಸೇರಿಸಿ ಹೊಲೀಬ್ಯಾಡ.”

ಅಂದಿನಿಂದ ಶಿದ್ಲಿಂಗಪ್ಪ ಮುಂಜಾನೆ ಲೆನ್ಸ್, ಮಧ್ಯಾಹ್ನ ಹನಮಂತಪ್ಪನದೇ ಹಳೆಯ ಚಾಳೀಸು ಹಾಕಿಕೊಂಡು ಹೊಲಿಯತೊಡಗಿದ. ಗಾದಿಯ ಮೇಲಿನ ಸೂಜಿಗಳಿಗೆ ಬೆಳಿಗ್ಗೆ ಮತ್ತೆ ದಾರ ಬಂದಿತ್ತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹೊಳೆಯಪ್ಪ ಬಂದ. ಕೋಲು ಕೈಯಲ್ಲಿತ್ತು, ಮೆಟ್ಟಿಲು ಹುಡುಕಲಿಲ್ಲ. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಅದರ ಹಿಂದೆ ಕಣ್ಣುಗಳು ಬಟ್ಟಲಷ್ಟು ಕಾಣುತ್ತಿದ್ದವು. ಕುಳಿತು, ಶಿದ್ಲಿಂಗಪ್ಪನ ಮುಖವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಕುರಿ ಕೊಳ್ಳುವವನಂತೆ ನೋಡಿದ. ಆರು ವರ್ಷದ ಮೇಲೆ ನೋಡುತ್ತಿದ್ದ.

ಶಿದ್ಲಿಂಗಪ್ಪ ಕೈಯಲ್ಲಿನ ಕೆಲಸ ನಿಲ್ಲಿಸಿ, ಮುದುಕನ ಬಾಯಿಂದ ಬರುವ ಮೊದಲ ಮಾತಿಗೆ ಕಾದ.

“ಅಲ್ಲೋ ಶಿದ್ಲಿಂಗಾ,” ಎಂದ ಹೊಳೆಯಪ್ಪ, “ಇಷ್ಟು ಮುದುಕ ಯಾವಾಗ ಆದ್ಯೋ?”

ಒಳಬಾಗಿಲ ಹಿಂದೆ ರೇಣುಕವ್ವ ನಕ್ಕಳು. ಇಪ್ಪತ್ತು ವರ್ಷದಲ್ಲಿ ಅವಳ ನಗು ಅಂಗಡಿಯ ತನಕ ಕೇಳಿಸಿದ್ದು ಅದೇ ಮೊದಲು. ಶಿದ್ಲಿಂಗಪ್ಪ ಚಾಳೀಸನ್ನು ಹಣೆಗೇರಿಸಿ ನಗು ಬಂದ ಕಡೆ ನೋಡಿದ. ದೂರದ್ದು ಅವನಿಗೆ ಯಾವತ್ತೂ ಚೆನ್ನಾಗಿಯೇ ಕಾಣುತ್ತಿತ್ತು.